ಹೊಸದಾಗಿ ಮುಖ್ಯ ಗುರುವಾದವರು ಮೊದಲು ಹಾಜರಿ ಪುಸ್ತಕ ತೆಗೆಯಿರಿ

ಚಾರ್ಜು ತಗೊಂಡ ದಿನ ಬೀರುವಿನ ಕೀಲಿ, ಅಕ್ಷರ ದಾಸೋಹದ ಅಕ್ಕಿ-ಬೇಳೆ, ಪಾಸ್‌ಬುಕ್ಕು ಎಲ್ಲವನ್ನೂ ಎಣಿಸಿ ನಿಮ್ಮ ಕೈಗೆ ಕೊಡುತ್ತಾರೆ. ಶಾಲೆಗೆ ಬಾರದ ಮಕ್ಕಳನ್ನು ಯಾರೂ ಎಣಿಸಿ ಕೊಡುವುದಿಲ್ಲ. ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ದುಡಿದೆ, ಕೊನೆಯ 11 ವರ್ಷ ಮುಖ್ಯ ಗುರುವಾಗಿ. ಆ ಮಕ್ಕಳನ್ನು ಹುಡುಕಿದ್ದು ಹೇಗೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷದ ನವೆಂಬರ್, ಡಿಸೆಂಬರ್ ತಿಂಗಳ ಹಾಜರಿ ತೆಗೆಯಿರಿ. ಜೂನ್ ತಿಂಗಳದ್ದನ್ನು ನಂಬಬೇಡಿ. ಆಗ ಪ್ರಾರಂಭೋತ್ಸವ, ಹೊಸ ಪುಸ್ತಕ, ಎಲ್ಲರೂ ಬಂದಿರುತ್ತಾರೆ. ಹತ್ತಿ ಬಿಡಿಸುವ ಕಾಲದಲ್ಲಿ ಯಾರ ಹೆಸರಿನ ಮುಂದೆ ಸಾಲುಸಾಲು ಗೈರು ಬಿದ್ದಿದೆಯೋ ಅವರ ಪಟ್ಟಿ ಮಾಡಿಕೊಂಡು ಮನೆಗೆ ಹೋಗಿ. ಹಗಲು ಹೋದರೆ ಬೀಗ ಕಾಣುತ್ತದೆ. ರಾತ್ರಿ ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿ, ಒಲೆಯ ಹತ್ತಿರ ಕೂತು ಮಾತಾಡಿ. ‘ಯಾಕ ಕಳಸಂಗಿಲ್ಲ?’ ಎಂದು ಜಬರಿಸಿದರೆ ಅವರು ತಲೆ ತಗ್ಗಿಸುತ್ತಾರೆ, ಕಾರಣ ಹೊರಬರುವುದಿಲ್ಲ. ಒಬ್ಬ ತಾಯಿ ಎರಡನೇ ಸಲ ಹೋದಾಗ ಬಾಯಿ ಬಿಟ್ಟಳು: ‘ಅಕ್ಕೋರೆ, ಆಕಿ ಸಾಲಿಗಿ ಬಂದ್ರ ತಮ್ಮನ್ನ ಯಾರ ನೋಡ್ಬೇಕ್ರಿ?’ ತಮ್ಮನಿಗೆ ಮೂರು ತುಂಬಿತ್ತು. ಅಂಗನವಾಡಿ ಕಾರ್ಯಕರ್ತೆಯ ಜೊತೆ ಮಾತಾಡಿ ಅವನನ್ನು ಅಲ್ಲಿಗೆ ಸೇರಿಸಿದೆವು. ಮರುವಾರ ಅಕ್ಕ ಐದನೇ ತರಗತಿಗೆ ಬಂದಳು.

ಗುಳೆ ಹೋದವರ ಮಕ್ಕಳ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಮುಖ್ಯ ಗುರುವಾದ ಮೊದಲ ವರ್ಷ, ಕಟ್ಟಡ ಕೆಲಸ ಮುಗಿಸಿ ಊರಿಗೆ ಮರಳಿದ ಕುಟುಂಬದ ಹುಡುಗಿಯೊಬ್ಬಳನ್ನು ಟಿಸಿ ತರಲು ಹೇಳಿ ವಾಪಸ್ ಕಳಿಸಿದೆ. ಅವಳು ಮತ್ತೆ ಬರಲಿಲ್ಲ. ಆಮೇಲೆ ಕೂತು 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಸಾಲುಸಾಲಾಗಿ ಓದಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದ ಕಾನೂನು ಅದು. ಟಿಸಿ ತಡವಾಯಿತೆಂದು ಪ್ರವೇಶ ನಿಲ್ಲಿಸುವಂತಿಲ್ಲ ಎಂದು 5ನೇ ಕಲಂ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ, ಅದು 14ನೇ ಕಲಂ. ಓದು ನಿಂತುಹೋದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು, ಅದು 4ನೆಯದು. ಈ ಮೂರನ್ನೂ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ. ಮಗುವನ್ನು ಆ ದಿನವೇ ತರಗತಿಯಲ್ಲಿ ಕೂರಿಸಿ. ಹಿಂದಿನ ಶಾಲೆಗೆ ಪತ್ರ ನೀವು ಬರೆಯಿರಿ, ಅಪ್ಪನನ್ನು ಅಲೆಸಬೇಡಿ. ದೀಪಾವಳಿಗೆ ಮುಂಚೆಯೇ ಯಾರು ಗುಳೆ ಹೊರಟಿದ್ದಾರೆ ಎಂದು ವಿಚಾರಿಸಿ, ಅಜ್ಜಿಯ ಹತ್ತಿರ ಬಿಟ್ಟುಹೋಗಲು ಒಪ್ಪಿಸಿ.

ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಮಕ್ಕಳು ಒಂದನೇ ತರಗತಿಯಲ್ಲಿ ಸುಮ್ಮನೆ ಕೂತರೆ ದಡ್ಡರೆಂದು ಬರೆಯಬೇಡಿ. ಅವರಿಗೆ ಅಮ್ಮ ‘ಯಾಡಿ’, ರೊಟ್ಟಿ ‘ಬಾಟಿ’. ಅಂಥ ಹತ್ತಿಪ್ಪತ್ತು ಮಾತು ಅವರಿಂದಲೇ ನೀವು ಕಲಿಯಿರಿ. ಅವರು ನಗುತ್ತಾ ನಿಮ್ಮನ್ನು ತಿದ್ದುತ್ತಾರೆ, ಹಾಗೇ ಬಾಯಿ ಬಿಡುತ್ತಾರೆ.

ನಡೆಯಲಾಗದ ಮಗು ಊರಲ್ಲಿದ್ದರೆ ವಿಶೇಷ ಅಗತ್ಯದ ಮಕ್ಕಳಿಗೆಂದು ತಾಲ್ಲೂಕಿನಲ್ಲಿರುವ ಸಂಪನ್ಮೂಲ ಶಿಕ್ಷಕರನ್ನು (ಬಿಐಇಆರ್‌ಟಿ) ಕರೆಸಿ. ರ‍್ಯಾಂಪ್ ಕಟ್ಟುವಾಗ ಎದುರಿಗೇ ನಿಂತು ಟೇಪು ಹಿಡಿಯಿರಿ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಐದಡಿಗೆ ಮುಗಿಸಿದರೆ ಅದು ಜಾರುಬಂಡೆ. ಶೌಚಾಲಯವನ್ನೂ ನೋಡಿ. ಒಬ್ಬ ಹುಡುಗ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಿದ್ದ. ಗೋಡೆಗೆ ಹಿಡಿಕೆ ಇರಲಿಲ್ಲ, ಅಷ್ಟೇ. ಹಾಕಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅದು ನನ್ನ ಕಣ್ಣಿಗೆ ಬೀಳಲು ಎರಡು ತಿಂಗಳು ಹಿಡಿದಿತ್ತು.

ಪಾಲಕರೇ ಇರುವ ಶಾಲಾ ಸಮಿತಿಯ (ಎಸ್‌ಡಿಎಂಸಿ) ಸಭೆಯನ್ನು ಅಮಾವಾಸ್ಯೆ ದಿನ ಇಡಿ. ಹೊಲದ ಕೆಲಸ ಕಡಿಮೆ, ತಾಯಂದಿರು ಬರುತ್ತಾರೆ.

ಊಟದ ಸಾಲನ್ನು ದಿನವೂ ನೋಡಿ. ಯಾವ ಮಕ್ಕಳು ತುದಿಯಲ್ಲಿ, ಸ್ವಲ್ಪ ದೂರ ಬಿಟ್ಟು ಕೂರುತ್ತಾರೆ? ಯಾರೂ ಹೇಳಿರುವುದಿಲ್ಲ, ಮನೆಯಿಂದಲೇ ಕಲಿತು ಬಂದಿರುತ್ತಾರೆ. ನಾನು ಭಾಷಣ ಮಾಡಲಿಲ್ಲ. ತಟ್ಟೆ ಹಿಡಿದು ಆ ತುದಿಗೇ ಹೋಗಿ, ಅವರ ನಡುವೆ ಕೂತೆ. ಅಡುಗೆಯಮ್ಮ ಅಕ್ಕೋರಿಗೆ ಮೊದಲು ಬಡಿಸಬೇಕೆಂದು ಸಾರಿನ ಬಕೆಟ್ಟು ಹಿಡಿದು ಆ ಕಡೆಯಿಂದಲೇ ಶುರು ಮಾಡಿದಳು. ದಸರಾ ರಜೆ ಬರುವಷ್ಟರಲ್ಲಿ ಉಳಿದ ಮಕ್ಕಳೂ ತಟ್ಟೆ ಎತ್ತಿಕೊಂಡು ನಮ್ಮ ಕಡೆಗೇ ಸರಿದಿದ್ದರು.