ಬ್ರಾಂಕ್ಸ್ ಝೂಗೆ ಹೊರಡುವ ಮುನ್ನ: ಯಾವ ಗೇಟು, ಯಾವ ದಿನ, ಎಷ್ಟು ಹೊತ್ತಿಗೆ

ನ್ಯೂಯಾರ್ಕಿಗೆ ಬಂದ ಹೊಸದರಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಬ್ರಾಂಕ್ಸ್ ಝೂಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಅದರ ವಿಸ್ತಾರ 265 ಎಕರೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಲು ಹೊರಟರೆ ಮಧ್ಯಾಹ್ನ ಎರಡರ ಹೊತ್ತಿಗೆ ಮಕ್ಕಳು ಹೆಗಲೇರಿರುತ್ತಾರೆ, ನೋಡಬೇಕೆಂದಿದ್ದು ಇನ್ನೊಂದು ತುದಿಯಲ್ಲಿರುತ್ತದೆ. ಏನು ನೋಡಬೇಕೆಂದು ಮನೆಯಲ್ಲೇ ನಿಶ್ಚಯಿಸಿಕೊಂಡು, ಅದಕ್ಕೆ ತಕ್ಕ ಗೇಟಿನಿಂದ ಒಳಗೆ ಹೋಗಿ.

ಮೊದಲ ಸಲಕ್ಕೆ ನಮ್ಮ ಸಲಹೆ ಏಷ್ಯಾ ಗೇಟು. 2 ನಂಬರಿನ ಸಬ್‌ವೇ ಹಿಡಿದು ವೆಸ್ಟ್ ಫಾರ್ಮ್ಸ್ ಸ್ಕ್ವೇರ್–ಈಸ್ಟ್ ಟ್ರೆಮಾಂಟ್ ಅವೆನ್ಯೂದಲ್ಲಿ ಇಳಿಯಿರಿ. ತಲೆಯ ಮೇಲಿನ ಹಳಿಯ ಜಾಡಿನಲ್ಲೇ ಬಾಸ್ಟನ್ ರಸ್ತೆಯಲ್ಲಿ ಎರಡೂವರೆ ಬ್ಲಾಕ್ ನಡೆದರೆ ಗೇಟು. 5 ನಂಬರಿನ ರೈಲೂ ಇಲ್ಲಿ ನಿಲ್ಲುತ್ತದೆ, ಆದರೆ ದಟ್ಟಣೆಯ ಹೊತ್ತಿನಲ್ಲಿ ಎಕ್ಸ್‌ಪ್ರೆಸ್ ಆಗಿ ನಿಲ್ಲದೆ ಹೋಗಬಹುದು. ಬ್ರಾಂಕ್ಸ್ ರಿವರ್ ಗೇಟಿಗೆ ಹೋಗುವವರು ಪೆಲ್ಹಮ್ ಪಾರ್ಕ್‌ವೇದಲ್ಲಿ ಇಳಿದು ಪಶ್ಚಿಮಕ್ಕೆ ನಡೆಯಬೇಕು. ಎಡವಟ್ಟಾಗುವುದು ಇಲ್ಲೇ. 2ರ ಮಾರ್ಗದಲ್ಲೂ 5ರ ಮಾರ್ಗದಲ್ಲೂ ಪೆಲ್ಹಮ್ ಪಾರ್ಕ್‌ವೇ ಎಂಬ ಹೆಸರಿನ ನಿಲ್ದಾಣವಿದೆ. ಝೂಗೆ ಬೇಕಾದದ್ದು 2ರದು; 5ರದರಲ್ಲಿ ಇಳಿದರೆ ಪೂರ್ವಕ್ಕೆ ತೀರಾ ದೂರ ಹೋಗಿಬಿಟ್ಟಿರುತ್ತೀರಿ. ಮ್ಯಾನ್‌ಹ್ಯಾಟನ್ನಿನ ಮ್ಯಾಡಿಸನ್ ಅವೆನ್ಯೂದಿಂದ ಬಿಎಕ್ಸ್‌ಎಂ11 ಎಕ್ಸ್‌ಪ್ರೆಸ್ ಬಸ್ಸು ಬ್ರಾಂಕ್ಸ್ ರಿವರ್ ಗೇಟಿನ ಹತ್ತಿರಕ್ಕೇ ಹೋಗುತ್ತದೆ. ದರ ಸಬ್‌ವೇಗಿಂತ ಹೆಚ್ಚು, ಆದರೆ ಅಜ್ಜ ಅಜ್ಜಿ ಜೊತೆಗಿದ್ದರೆ ಮೆಟ್ಟಿಲ ಕಾಟವಿಲ್ಲ.

ಏಷ್ಯಾ ಗೇಟಿನ ಲಾಭವೆಂದರೆ ಜಂಗಲ್‌ವರ್ಲ್ಡ್ ಮತ್ತು ಮಾನೋರೈಲು ಎರಡೂ ಪಕ್ಕದಲ್ಲೇ ಇವೆ. ಸುಮಾರು 20 ನಿಮಿಷದ ಆ ಮಾನೋರೈಲಿನಲ್ಲಿ ಎಲ್ಲ ಸೀಟುಗಳೂ ಪ್ರಾಣಿಗಳಿರುವ ಒಂದೇ ಬದಿಗೆ ಮುಖ ಮಾಡಿರುತ್ತವೆ, ಕಿಟಕಿ ಪಕ್ಕದ ಜಾಗಕ್ಕೆ ಜಗಳವಿಲ್ಲ. ನದಿ ದಾಟಿ ಆನೆ, ಘೇಂಡಾಮೃಗ, ಜಿಂಕೆಗಳ ಮೇಲುಗಡೆ ಸಾಗುತ್ತದೆ. ಗೇಟು ತೆರೆದ ಕೂಡಲೇ ಹತ್ತಿ: ಸಾಲು ಚಿಕ್ಕದು, ಬಿಸಿಲೇರುವ ಮೊದಲು ಪ್ರಾಣಿಗಳೂ ಓಡಾಡಿಕೊಂಡಿರುತ್ತವೆ. ಮಧ್ಯಾಹ್ನ ಬಂದವರಿಗೆ ಸಿಗುವುದು ನೆರಳಲ್ಲಿ ಮಲಗಿದ ಬೆನ್ನುಗಳು. 1985ರಲ್ಲಿ ತೆರೆದ ಜಂಗಲ್‌ವರ್ಲ್ಡ್ ಚಾವಣಿಯ ಕೆಳಗಿನ ಮಳೆಕಾಡು. ಬಾಗಿಲು ದಾಟುತ್ತಿದ್ದಂತೆ ಕನ್ನಡಕದ ಮೇಲೆ ಮಂಜು ಕೂರುತ್ತದೆ; ಕ್ಯಾಮೆರಾ ಲೆನ್ಸ್ ಹೊಂದಿಕೊಳ್ಳಲು ಐದು ನಿಮಿಷ ಬಿಡಿ.

ಗೊರಿಲ್ಲಾಗಳನ್ನು ಬಿಡಬೇಡಿ. 1999ರಲ್ಲಿ ತೆರೆದ ಆರೂವರೆ ಎಕರೆಯ ಕಾಂಗೋ ಗೊರಿಲ್ಲಾ ಫಾರೆಸ್ಟ್‌ನಲ್ಲಿ ಗಾಜಿನ ಆಚೆ, ಒಂದು ಕೈಯಳತೆಯಲ್ಲಿ ತಾಯಿ ಗೊರಿಲ್ಲಾ ಕೂತು ಮರಿಯ ಕೂದಲು ಬಿಡಿಸುವುದನ್ನು ನೋಡಬಹುದು. ಮಕ್ಕಳಿಗೆ ಗಾಜು ತಟ್ಟಬೇಡಿ ಎಂದು ಮೊದಲೇ ಹೇಳಿ.

ಇನ್ನು ಚರಿತ್ರೆ. ನಮ್ಮ ಮೈಸೂರು ಝೂ ಹುಟ್ಟಿದ್ದು 1892ರಲ್ಲಿ; ಬ್ರಾಂಕ್ಸ್ ಝೂ ತೆರೆದದ್ದು ಅದಾದ ಏಳು ವರ್ಷಕ್ಕೆ, 1899ರ ನವೆಂಬರ್ 8ರಂದು, 843 ಪ್ರಾಣಿಗಳೊಂದಿಗೆ. ಮೊದಲ ನಿರ್ದೇಶಕ ವಿಲಿಯಂ ಹಾರ್ನಡೆ. ಬೇಟೆಯಿಂದ ಅಮೆರಿಕನ್ ಬೈಸನ್ ಅಳಿವಿನ ಅಂಚಿಗೆ ಬಂದಿದ್ದಾಗ, 1907ರಲ್ಲಿ ಇಲ್ಲಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ಓಕ್ಲಹಾಮಾದ ವಿಚಿಟಾ ಬೆಟ್ಟಗಳಿಗೆ ಕಳಿಸಿದರು. ಬೈಸನ್ ನೋಡಿದಾಗ ಮಕ್ಕಳಿಗೆ ಇದನ್ನು ಹೇಳಿ. ನಮ್ಮ ಕಡೆ ಕಾಟಿಯನ್ನೂ ಬೈಸನ್ ಎನ್ನುವ ರೂಢಿಯಿದೆ, ಎರಡೂ ಬೇರೆ: ಕಾಟಿಗೆ ನುಣುಪು ಮೈ, ಬಿಳಿ ಕಾಲ್ಚೀಲ, ಇದಕ್ಕೆ ಗಡ್ಡ, ಭುಜದ ತುಂಬ ಜಡೆಗೂದಲು. ಝೂ ನಡೆಸುವ ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯೇ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರ ಹುಲಿ ಸಂಶೋಧನೆಗೂ ಬೆಂಬಲವಾಗಿ ನಿಂತಿತ್ತು.

ಮುಚ್ಚಿಡಬಾರದ ಇನ್ನೊಂದು ಸಂಗತಿಯೂ ಇದೆ. ಕಾಂಗೋದಿಂದ ತಂದಿದ್ದ ಓಟಾ ಬೆಂಗಾ ಎಂಬ ಯುವಕನನ್ನು 1906ರಲ್ಲಿ ಇಲ್ಲಿನ ಕೋತಿಮನೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಕಪ್ಪು ಪಾದ್ರಿಗಳು ಪ್ರತಿಭಟಿಸಿದ ಮೇಲೆ ನಿಲ್ಲಿಸಿದರು. ಸೊಸೈಟಿ ಬಹಿರಂಗವಾಗಿ ಕ್ಷಮೆ ಕೇಳಿದ್ದು 2020ರಲ್ಲಿ. ದೊಡ್ಡ ಮಕ್ಕಳಿಗೆ ಇದು ಗೊತ್ತಿರಲಿ.

ಟಿಕೆಟಿನ ವಿಷಯ. ಬುಧವಾರ ಅಗ್ಗವೆಂದು ಎಲ್ಲರೂ ಹೇಳುತ್ತಾರೆ, ಪೂರ್ತಿ ಹೇಳುವುದಿಲ್ಲ. ಆ ದಿನದ ಸೀಮಿತ ಪ್ರವೇಶವನ್ನು ಮೊದಲೇ ಆನ್‌ಲೈನಿನಲ್ಲಿ ಕಾದಿರಿಸಬೇಕು, ಮಾನೋರೈಲು, ಗೊರಿಲ್ಲಾ, ಜಂಗಲ್‌ವರ್ಲ್ಡ್ ಅದರಲ್ಲಿ ಸೇರುವುದಿಲ್ಲ. ಅವುಗಳಿಗೇ ಹೋಗುವುದಾದರೆ ಪೂರ್ತಿ ಟಿಕೆಟ್ ಕೊಳ್ಳಿ. ಎರಡು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಟಿಕೆಟ್ ಬೇಡ. ವರ್ಷಕ್ಕೆ ಎರಡು ಮೂರು ಸಲ ಹೋಗುವ ಕುಟುಂಬಕ್ಕೆ ಸದಸ್ಯತ್ವ ಲಾಭ. ಸೆಂಟ್ರಲ್ ಪಾರ್ಕ್, ಕ್ವೀನ್ಸ್, ಪ್ರಾಸ್ಪೆಕ್ಟ್ ಪಾರ್ಕ್ ಝೂಗಳಿಗೂ ಕೋನಿ ಐಲೆಂಡಿನ ಅಕ್ವೇರಿಯಂಗೂ ಅದು ನಡೆಯುತ್ತದೆ. ಮಾನೋರೈಲು ಚಳಿಗಾಲದಲ್ಲಿ ಓಡುವುದಿಲ್ಲ, ಮೇಯಿಂದ ಅಕ್ಟೋಬರ್ ಒಳಗೆ ಹೋಗಿ.

ಬುತ್ತಿ ಒಯ್ಯಬಹುದು: ಚಪಾತಿ ಸುರುಳಿ, ಚಿತ್ರಾನ್ನ ಸಲೀಸು. ಗಾಜಿನ ಬಾಟಲಿ ಬೇಡ. ಬಲೂನು, ಪ್ಲಾಸ್ಟಿಕ್ ಸ್ಟ್ರಾ ಬೇಡವೇ ಬೇಡ; ಗಾಳಿಗೆ ಹಾರಿ ಒಳಗೆ ಬಿದ್ದರೆ ಪ್ರಾಣಿಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.