ಬೀಟಲ್‌ಗೆ ಎಕ್ಸಲರೇಟರ್ ಕೇಬಲ್ ಹಾಕಿದ ಬಗೆ

ಎಕ್ಸಲರೇಟರ್ ಕೇಬಲ್ ಹಾಕುವಾಗ ಗ್ಯಾರೇಜುಗಳಲ್ಲಿ ನಾನು ನೋಡಿರುವ ಕ್ರಮ ಒಂದೇ. ಪೆಡಲ್ ಮೇಲಿರುವಾಗಲೇ ಕೇಬಲ್ ಎಳೆದು, ಸಡಿಲ ತೆಗೆದು, ಸ್ಕ್ರೂ ಬಿಗಿ ಮಾಡಿಬಿಡುತ್ತಾರೆ. ಎಷ್ಟೋ ಗಾಡಿಗಳಿಗೆ ಅದು ನಡೆದುಹೋಗುತ್ತದೆ. ನನ್ನ 1964ರ ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಮಾತ್ರ ನಡೆಯುವುದಿಲ್ಲ. ಅದರ ಲೆಕ್ಕ ಹಿಡಿಯಬೇಕಾದ್ದು ಇನ್ನೊಂದು ತುದಿಯಿಂದ, ಅಂದರೆ ಪೆಡಲ್ ಪೂರ್ತಿ ಕೆಳಗೆ ಹೋದಾಗ ಕಾರ್ಬೊರೇಟರ್‌ನ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗದ) ಲಿವರ್ ಎಲ್ಲಿರುತ್ತದೆ ಎಂಬುದರಿಂದ.

ಈ ಗಾಡಿಯ ಎಂಜಿನ್ ಹಿಂದೆ, ಪೆಡಲ್ ಮುಂದೆ. ಹಾಗಾಗಿ ಕೇಬಲ್ಲೇ ಎರಡೂವರೆ ಮೀಟರ್‌ಗೂ ಮಿಕ್ಕಿ ಉದ್ದ. ಪೆಡಲ್‌ನಿಂದ ಹೊರಟು ಸೀಟುಗಳ ನಡುವಿನ ಟನಲ್ ಒಳಗಿನ ಸಣ್ಣ ಕೊಳವೆಯಲ್ಲಿ ಸಾಗಿ, ಗೇರ್‌ಬಾಕ್ಸ್ ಹತ್ತಿರ ಹೊರಬರುತ್ತದೆ. ಅಲ್ಲಿಂದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಎಂಜಿನ್ ಕಡೆ ಹೋಗಿ, ಎಂಜಿನ್ ತಂಪು ಮಾಡುವ ಫ್ಯಾನಿನ ತಗಡು ಗೂಡನ್ನೇ ತೂರಿ, ಕೊನೆಗೆ ಕಾರ್ಬೊರೇಟರ್ ಸೇರುತ್ತದೆ. ನನ್ನದು 1192 ಸಿಸಿ ಎಂಜಿನ್, ಸೊಲೆಕ್ಸ್ 28 ಪಿಕ್ಟ್ ಕಾರ್ಬೊರೇಟರ್.

ಹಳೇ ಕೇಬಲ್ ಪೂರ್ತಿ ತುಂಡಾಗಿರಲಿಲ್ಲ. ಪೆಡಲ್ ಒತ್ತಿದರೆ ಮರಳು ಅರೆದ ಹಾಗೆ ಕೈಗೆ, ಅಲ್ಲ, ಕಾಲಿಗೆ ತಿಳಿಯುತ್ತಿತ್ತು. ಪೆಡಲ್ ಕಡೆಯ ಕೊಂಡಿಯ ಬುಡದಲ್ಲಿ ಎಳೆಗಳು ಒಂದೊಂದಾಗಿ ಕಿತ್ತು ಹೊರಚಾಚಿದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದಾಗ ಒಂದು ಅಂಗಡಿಯವರು, "ಸಾರ್, ಯಾವುದೋ ಉದ್ದದ ಕೇಬಲ್ ಕತ್ತರಿಸಿ, ತುದಿಗೆ ಬೆಸುಗೆ ಹಾಕಿ ಕೊಡ್ತೀವಿ" ಅಂದರು. ಬೇಡ ಅಂದೆ. ಬೀಟಲ್ ಕೇಬಲ್‌ನ ಎಂಜಿನ್ ಕಡೆಯ ತುದಿ ಗಟ್ಟಿ ಕಡ್ಡಿ. ಕೊಳವೆಯೊಳಗೆ ದಾರಿ ಮಾಡಿಕೊಂಡು ಹೋಗಲು ಅದೇ ಬೇಕು, ಕಾರ್ಬೊರೇಟರ್‌ನ ಸ್ಕ್ರೂ ಕಚ್ಚುವುದೂ ಅದನ್ನೇ. ನಮ್ಮ ದೇಶದಲ್ಲಿ ತಯಾರಾಗದ ಗಾಡಿಯಾದರೂ ಮೆಕ್ಸಿಕೋದಲ್ಲಿ 2003ರವರೆಗೆ ತಯಾರಾಗುತ್ತಿತ್ತು, ಆದ್ದರಿಂದ ಸಾಮಾನು ಸಿಗುತ್ತದೆ. ತರಿಸುವಾಗ ಗಮನಿಸಬೇಕಾದ್ದು ಎರಡು: ಗಾಡಿಯ ವರ್ಷ, ಮತ್ತು ಸ್ಟೀರಿಂಗ್ ಯಾವ ಕಡೆ ಎಂಬುದು. ನಮ್ಮ ಬಲಗಡೆ ಸ್ಟೀರಿಂಗಿನ ಗಾಡಿಯ ಕೇಬಲ್ಲೇ ಬೇರೆ.

ಬಿಚ್ಚುವುದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಯಾರೂ ಗಾಡಿ ಕೆಳಗೆ ತಲೆ ಹಾಕಬಾರದು. ಏರ್ ಕ್ಲೀನರ್ ತಳದಲ್ಲಿ ಆಯಿಲ್ ಇರುತ್ತದೆ, ಓರೆ ಮಾಡದೆ ನೆಟ್ಟಗೆ ಎತ್ತಿ ಪಕ್ಕಕ್ಕಿಡಬೇಕು. ತೆರೆದ ಕಾರ್ಬೊರೇಟರ್ ಬಾಯಿಗೆ ಬಟ್ಟೆ ಮುಚ್ಚಿದೆ, ಒಂದು ವಾಷರ್ ಒಳಗೆ ಬಿದ್ದರೂ ಆ ದಿನ ಮುಗಿದ ಹಾಗೆ. ಲಿವರ್ ಹತ್ತಿರದ ಸ್ಪ್ರಿಂಗು, ಸಣ್ಣಪುಟ್ಟ ಸಾಮಾನು ಯಾವ ಕ್ರಮದಲ್ಲಿ ಕೂತಿವೆ ಎಂದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಸ್ಕ್ರೂ ಸಡಿಲಿಸಿ, ಪೆಡಲ್ ಕಡೆಯ ಕೊಂಡಿ ಬಿಡಿಸಿ, ಹಳೇ ಕೇಬಲನ್ನು ಗಾಡಿಯ ಒಳಗಿನಿಂದ ಮುಂದಕ್ಕೆ ಎಳೆದುಕೊಂಡೆ. ಪೂರ್ತಿ ತೆಗೆಯುವ ಮೊದಲು ಸೀಮೆಎಣ್ಣೆ ಸವರಿ ನಾಲ್ಕಾರು ಸಲ ಹಿಂದೆಮುಂದೆ ಆಡಿಸಿದ್ದು ಒಳ್ಳೆಯದೇ ಆಯಿತು, ಗಟ್ಟಿಕಟ್ಟಿದ ಕಪ್ಪು ಗ್ರೀಸು ಉಂಡೆ ಉಂಡೆಯಾಗಿ ಹೊರಬಂತು.

ಹೊಸ ಕೇಬಲ್‌ಗೆ ಉದ್ದಕ್ಕೂ ಗ್ರೀಸ್ ಹಚ್ಚಿ ಮುಂದಿನಿಂದ ತಳ್ಳಬೇಕು. ಲಂಗಕ್ಕೆ ಲಾಡಿ ಪೋಣಿಸಿದ ಹಾಗೆಯೇ ಇದು. ಅವಸರ ಮಾಡಿದರೆ ಒಳಗೇ ಮಡಿಚಿಕೊಳ್ಳುತ್ತದೆ. ಮಗಳನ್ನು ಮುಂದೆ ಕೂರಿಸಿ ನಾನು ಕೆಳಗೆ ಮಲಗಿದೆ.

"ತಳ್ಳು ಪುಟ್ಟಿ, ಸ್ವಲ್ಪ ಸ್ವಲ್ಪ."

"ಎಲ್ಲೋ ತಗುಲ್ತಿದೆ ಅಪ್ಪಾ."

"ಜೋರು ಮಾಡ್ಬೇಡ. ಬೆರಳಲ್ಲಿ ತಿರುಗಿಸ್ತಾ ತಳ್ಳು."

ತಿರುಗಿಸಿದರೆ ತುದಿ ದಾರಿ ಹುಡುಕಿಕೊಳ್ಳುತ್ತದೆ. ಟನಲ್ ದಾಟಿ ಹೊರಬಂದದ್ದನ್ನು ನಾನು ಹಿಡಿದು ಪ್ಲಾಸ್ಟಿಕ್ ಟ್ಯೂಬಿಗೆ, ಅಲ್ಲಿಂದ ಫ್ಯಾನ್ ಗೂಡಿನ ಕೊಳವೆಗೆ ದಾಟಿಸಿದೆ. ಗೂಡಿನೊಳಗೆ ಆ ಕೊಳವೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಷ್ಟೋ ಹಳೇ ಗಾಡಿಗಳಲ್ಲಿ ಅದು ಕಳೆದೇ ಹೋಗಿರುತ್ತದೆ, ಆಗ ಕೇಬಲ್ ತಿರುಗುವ ಫ್ಯಾನಿನ ಪಕ್ಕ ಬರಿಮೈಯಲ್ಲಿ ನಿಲ್ಲಬೇಕಾಗುತ್ತದೆ. ಟನಲ್ ಹಿಂಬದಿಯ ರಬ್ಬರ್ ಟೋಪಿಯನ್ನೂ ಸರಿಯಾಗಿ ಕೂರಿಸಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕೊಳವೆಗೆ ನೀರು ಇಳಿದು ಕೇಬಲ್ ತುಕ್ಕು ಹಿಡಿಯುತ್ತದೆ.

ಇನ್ನು ಅಡ್ಜಸ್ಟ್‌ಮೆಂಟ್. ಈ ಕೆಲಸದ ಜೀವ ಇರುವುದೇ ಇಲ್ಲಿ. ಸೊಲೆಕ್ಸ್ 28 ಪಿಕ್ಟ್‌ನಲ್ಲಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಲು ನೆರವಾಗುವ ಆಟೋಮ್ಯಾಟಿಕ್ ಚೋಕ್ ಇದೆ. ಪೆಡಲ್ ಒತ್ತದಿರುವಾಗಿನ ಎಂಜಿನ್ ವೇಗವನ್ನು ಹೊಂದಿಸುವ ಐಡಲ್ ಸ್ಕ್ರೂ ಬಂದು ಕೂರುವುದು ಆ ಚೋಕ್‌ನ ಮೆಟ್ಟಿಲು ಮೆಟ್ಟಿಲಾದ ಕ್ಯಾಮ್ ಎಂಬ ತಿರುಗುವ ತುಣುಕಿನ ಮೇಲೆ. ಎಂಜಿನ್ ತಣ್ಣಗಿದ್ದಾಗ ಅದು ಮೇಲಿನ ಮೆಟ್ಟಿಲಲ್ಲಿ, ಅಂದರೆ ಥ್ರಾಟಲ್ (ಎಂಜಿನ್ ಒಳಗೆ ಗಾಳಿ ಹೋಗುವ ದಾರಿಯ ಬಾಗಿಲು) ಸ್ವಲ್ಪ ತೆರೆದೇ ಇರುತ್ತದೆ. ಬಿಸಿಯಾದಂತೆ ಕೆಳಗಿಳಿದು ಥ್ರಾಟಲ್ ಮುಚ್ಚುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೇಬಲನ್ನು ತಂತಿಯ ಹಾಗೆ ಬಿಗಿದರೆ, ಬಿಸಿಯಾದ ಮೇಲೆ ಲಿವರ್ ಕೆಳಗಿಳಿಯಲು ಕೇಬಲ್ಲೇ ಬಿಡುವುದಿಲ್ಲ, ಎಂಜಿನ್ ರೇಸ್ ಆಗುತ್ತಲೇ ಇರುತ್ತದೆ. ಅದನ್ನು ನೋಡಿದವರು ಐಡಲ್ ಸ್ಕ್ರೂ ತಿರುಗಿಸಲು ಹೋಗುತ್ತಾರೆ, ಅಲ್ಲಿಂದ ಒಂದರ ಹಿಂದೆ ಒಂದು ಕೆಡುತ್ತದೆ. ಥ್ರಾಟಲ್ ಪೂರ್ತಿ ತೆರೆದ ಜಾಗವಾದರೋ ಚಳಿಗೂ ಬಿಸಿಗೂ ಬದಲಾಗುವುದಿಲ್ಲ. ಅಳತೆ ತೆಗೆದುಕೊಳ್ಳಬೇಕಾದ್ದು ಬದಲಾಗದ ಜಾಗದಿಂದ.

ಫೋಕ್ಸ್‌ವ್ಯಾಗನ್ ಕೊಟ್ಟಿರುವ ಅಳತೆ ಸರಳವಾಗಿದೆ: ಪೆಡಲ್ ಪೂರ್ತಿ ಒತ್ತಿದಾಗ ಥ್ರಾಟಲ್ ಲಿವರ್‌ಗೂ ಕಾರ್ಬೊರೇಟರ್ ಮೇಲಿನ ತಡೆಗೂ ನಡುವೆ ಸುಮಾರು 1 ಮಿ.ಮೀ. ಸಂದು ಉಳಿಯಬೇಕು. ಆ ಸಂದು ಯಾಕೆ? ಅದಿಲ್ಲದಿದ್ದರೆ ಪೆಡಲ್ ನೆಲ ಮುಟ್ಟುವ ಮೊದಲೇ ಲಿವರ್ ತಡೆಗೆ ಬಡಿಯುತ್ತದೆ. ಆಮೇಲೆ ಕಾಲಿನ ಭಾರವೆಲ್ಲ ಕೇಬಲ್ ಮೇಲೆ, ಥ್ರಾಟಲ್ ಶಾಫ್ಟ್ ಮೇಲೆ. ನನ್ನ ಹಳೇ ಕೇಬಲ್ ಕೊಂಡಿಯ ಬುಡದಲ್ಲೇ ಕಿತ್ತದ್ದಕ್ಕೂ ಇದೇ ಕಾರಣ ಎಂದು ನನ್ನ ಅನುಮಾನ, ಅದನ್ನು ಬಿಚ್ಚುವಾಗ ಈ ಸಂದು ಇರಲೇ ಇಲ್ಲ.

ಪೆಡಲ್ ಕೆಳಗಿನ ನಾರಿನ ಮ್ಯಾಟ್ ತೆಗೆಸಿದೆ. ದಪ್ಪ ಮ್ಯಾಟ್ ಇಟ್ಟುಕೊಂಡು ಸೆಟ್ ಮಾಡಿ ಮುಂದೊಂದು ದಿನ ಅದನ್ನು ತೆಗೆದರೆ ಪೆಡಲ್ ಇನ್ನಷ್ಟು ಕೆಳಗಿಳಿದು ಸಂದು ಮಾಯವಾಗುತ್ತದೆ. ಎಂಜಿನ್ ಆಫ್ ಇರುವಾಗ ಮಗಳು ಪೆಡಲ್ ನೆಲಕ್ಕೊತ್ತಿ ಹಿಡಿದಳು. ನಾನು ಲಿವರನ್ನು ಕೈಯಲ್ಲಿ ಪೂರ್ತಿ ತೆರೆದು, ತಡೆಗೂ ಲಿವರ್‌ಗೂ ನಡುವೆ 1 ಮಿ.ಮೀ. ಡ್ರಿಲ್ ಬಿಟ್‌ನ ಕಡ್ಡಿ ಇಟ್ಟು, ಸ್ಕ್ರೂ ಬಿಗಿದೆ. ಕೇಬಲ್ ತೂರುವ ಆ ಪುಟ್ಟ ಪಿನ್ನು ಲಿವರ್‌ನಲ್ಲಿ ಸಲೀಸಾಗಿ ತಿರುಗುತ್ತಿರಬೇಕು. ತುಕ್ಕು ಹಿಡಿದು ನಿಂತಿದ್ದರೆ ಪ್ರತಿ ಸಲ ಪೆಡಲ್ ಒತ್ತಿದಾಗಲೂ ಕೇಬಲ್ ಅಲ್ಲಿ ಬಾಗುತ್ತದೆ, ಕ್ರಮೇಣ ಮುರಿಯುತ್ತದೆ. ನಾನು ಪಿನ್ನನ್ನು ಮೊದಲೇ ಉಜ್ಜಿ ಒಂದು ಹನಿ ಎಣ್ಣೆ ಬಿಟ್ಟಿದ್ದೆ.

ಮಕ್ಕಳನ್ನು ಕೂರಿಸಿಕೊಂಡು ಮಾಡುವವರಿಗೆ ಒಂದು ಮಾತು: ಪೆಡಲ್ ಮೇಲೆ ಆಟವಾಡಲು ಬಿಡಬೇಡಿ. ಒಂದೊಂದು ಸಲ ಒತ್ತಿದಾಗಲೂ ಕಾರ್ಬೊರೇಟರ್‌ನ ಪಂಪ್ ಒಳಗೆ ಪೆಟ್ರೋಲ್ ಚಿಮ್ಮಿಸುತ್ತದೆ. ಹತ್ತು ಸಲ ಒತ್ತಿದ ಮೇಲೆ ಸ್ಟಾರ್ಟ್ ಆಗದಿದ್ದರೆ ತಪ್ಪು ಗಾಡಿಯದ್ದಲ್ಲ.

ಪೆಡಲ್ ಬಿಟ್ಟಾಗ ಲಿವರ್ ಟಕ್ಕನೆ ಹಿಂದಿರುಗಿತು, ಕೇಬಲ್‌ನಲ್ಲಿ ಚೂರು ಸಡಿಲ ಉಳಿದಿತ್ತು. ಇಷ್ಟಾದ ಮೇಲೆ ಎಂಜಿನ್ ಬಿಸಿ ಮಾಡಿ ಐಡಲ್ ಸರಿಮಾಡಿಕೊಂಡೆ. ಮರುದಿನ ನಂದಿ ಬೆಟ್ಟ ಹತ್ತಿಸಿದಾಗ ವ್ಯತ್ಯಾಸ ತಿಳಿಯಿತು. ಇರುವುದೇ 34 ಕುದುರೆ, ಏರಿನಲ್ಲಿ ಒಂದೂ ಲಾಯದಲ್ಲಿ ಉಳಿಯಬಾರದು.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಸ್ಕ್ರೂವನ್ನೂ ಸಂದನ್ನೂ ಮತ್ತೆ ನೋಡಿದೆ, ಹೊಸ ಕೇಬಲ್ ಒಂದು ಕೂದಲಷ್ಟು ಹಿಗ್ಗಿತ್ತು. ಇನ್ನೊಂದು ಕೇಬಲ್ ಮುಂದಿನ ಡಿಕ್ಕಿಯಲ್ಲಿ ಸುತ್ತಿಟ್ಟಿದ್ದೇನೆ. ದಾರಿಯಲ್ಲಿ ತುಂಡಾದರೆ ಅಲ್ಲೇ ಮಲಗಿ ಹಾಕಬೇಕಿಲ್ಲ. ಎಂಜಿನ್ ಆಫ್ ಮಾಡಿ ಐಡಲ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ ವೇಗ ಹೆಚ್ಚಿಸಿಕೊಂಡರೆ ಎರಡನೇ ಗೇರಿನಲ್ಲಿ, ಕ್ಲಚ್ಚು ಬ್ರೇಕುಗಳ ಮೇಲೆ ಜೀವ ಇಟ್ಟುಕೊಂಡು, ಹತ್ತಿರದ ನೆರಳಿರುವ ಜಾಗದವರೆಗೆ ನಿಧಾನಕ್ಕೆ ಹೋಗಬಹುದು. ಎಷ್ಟು ಸುತ್ತು ತಿರುಗಿಸಿದಿರಿ ಎಂದು ಎಣಿಸಿಟ್ಟುಕೊಳ್ಳಿ, ಆಮೇಲೆ ಅಷ್ಟೇ ಸುತ್ತು ವಾಪಸ್ ತಿರುಗಿಸಬೇಕು.