ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸುವ ಕ್ರಮ

ಗುಂಡಿ, ಹಂಪ್‌ಗಳಲ್ಲಿ ಕಾರಿನ ಕುಣಿತವನ್ನು ಅಡಗಿಸುವ ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ, ಅಥವಾ ಟೈರು ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾಗಿ ಸವೆದಿದ್ದರೆ, ಶಾಕ್ ದುರ್ಬಲವಾಗಿದೆಯೆಂದು ಅನುಮಾನಿಸಬೇಕು. ಒಂದೇ ಬದಿಯದು ಕೆಟ್ಟಿದ್ದರೂ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸುವುದು ಸರಿ. ಮುಂಭಾಗದ ಸ್ಟ್ರಟ್‌ನಲ್ಲಿ, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಒಂದಾಗಿ ಕೂಡಿರುವ ಜೋಡಣೆಯಲ್ಲಿ, ಬಿಗಿದೊತ್ತಿದ ಸ್ಪ್ರಿಂಗ್ ಇರುವುದರಿಂದ ಅದನ್ನು ಗ್ಯಾರೇಜಿಗೇ ಬಿಡಬೇಕು. ಇಲ್ಲಿ ಹೇಳುತ್ತಿರುವುದು ಸ್ಪ್ರಿಂಗ್‌ನಿಂದ ಬೇರೆಯಾಗಿರುವ ಹಿಂದಿನ ಶಾಕ್‌ಗಳ ವಿಚಾರ.

ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಭಾರವನ್ನು ಸ್ಟ್ಯಾಂಡ್‌ಗಳ ಮೇಲೆ ಕೂರಿಸಬೇಕು. ಬೋಲ್ಟ್ ಬಿಚ್ಚುವ ಮೊದಲು ಆಕ್ಸಲ್‌ಗೆ (ಹಿಂದಿನ ಚಕ್ರಗಳನ್ನು ಹೊತ್ತ ಅಡ್ಡ ದಂಡಕ್ಕೆ) ಜಾಕಿನ ಆಸರೆ ಕೊಡಲೇಬೇಕು, ಏಕೆಂದರೆ ಅನೇಕ ಕಾರುಗಳಲ್ಲಿ ಆಕ್ಸಲ್ ಅತಿಯಾಗಿ ಕೆಳಗಿಳಿಯದಂತೆ ತಡೆಯುವುದು ಶಾಕ್‌ಗಳೇ. ಅವು ಕಳಚಿದೊಡನೆ ಆಕ್ಸಲ್ ಜಾರಿ ಬ್ರೇಕ್ ಹೋಸ್ ಎಳೆದುಕೊಳ್ಳಬಹುದು. ಹೊಸ ಶಾಕನ್ನು ನೆಟ್ಟಗೆ ಹಿಡಿದು ನಾಲ್ಕೈದು ಬಾರಿ ಪೂರ್ತಿ ಒತ್ತಿ ಎಳೆದ ಮೇಲೆ ಕೂರಿಸಿ. ರಬ್ಬರ್ ಬುಶ್ (ಬೋಲ್ಟಿನ ಸುತ್ತಲಿನ ರಬ್ಬರ್ ತೋಳು) ಇರುವ ಕೆಳಗಿನ ಬೋಲ್ಟನ್ನು ಚಕ್ರ ತೂಗಾಡುತ್ತಿರುವಾಗ ಪೂರ್ತಿ ಬಿಗಿಯಬಾರದು; ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ ಕೈಪಿಡಿಯಲ್ಲಿರುವ ಅಳತೆಗೆ ಬಿಗಿಯಬೇಕು, ಇಲ್ಲವಾದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅವಸರದ ಕೆಲಸದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ.

ಪರೀಕ್ಷೆಗೆ ಹೊರಡುವ ಮುನ್ನ ಟೈರಿನ ಗಾಳಿ ಸರಿಪಡಿಸಿ, ಪರಿಚಿತ ರಸ್ತೆಯನ್ನೇ ಆರಿಸಿಕೊಳ್ಳಿ. ಹಂಪ್ ದಾಟಿದ ಮೇಲೆ ಹಿಂಭಾಗ ಒಮ್ಮೆ ಎದ್ದು ಕೂತು ಸುಮ್ಮನಾಗಬೇಕು. ಮತ್ತೆ ಮತ್ತೆ ಕುಣಿಯಬಾರದು. ಮೊದಮೊದಲು ಗಡುಸೆನಿಸುವುದು ದೋಷವಲ್ಲ, ಹಳೆಯದರ ಸಡಿಲಕ್ಕೆ ನಮ್ಮ ಮೈ ಒಗ್ಗಿರುತ್ತದೆ. ಸಣ್ಣ ಗುಂಡಿಗಳಲ್ಲಿ ಟಕಟಕ ಸದ್ದು ಕೇಳಿದರೆ ಮಾತ್ರ ಕಾರು ನಿಲ್ಲಿಸಿ, ಮೊದಲು ಮೇಲಿನ ನಟ್ಟನ್ನೂ ಅದರಡಿಯ ವಾಷರನ್ನೂ ಪರೀಕ್ಷಿಸಬೇಕು.